ಕುಬುಸದ ಊಟ ಉಂಡು ರಜೆ ಬರೆದವರು

ಹತ್ತಿ ಗಿರಣಿಯ ಹಾಜರಿ ಗುಮಾಸ್ತರೆಂದರೆ ತಡವಾಗಿ ಬಂದವರ ಹೆಸರಿನ ಮುಂದೆ ಗೀಟೆಳೆಯುವವರು ಎಂಬ ಮಾತು ಬಳ್ಳಾರಿಯಲ್ಲಿ ಹಳೆಯದು. ಮೂವತ್ತು ವರ್ಷ ಹಾಜರಿ ಪುಸ್ತಕವನ್ನು ಹಿಡಿದು, ಅದರಲ್ಲೇ ಬಾಣಂತಿಯರಿಗೂ ಜಾಗ ಮಾಡಿಕೊಟ್ಟ ಶ್ರೀ ಉಜ್ಜಿನಪ್ಪನವರು ಈ ೧೯೫೨ರಲ್ಲಿ ನಿವೃತ್ತರಾಗುತ್ತಿರುವುದು ಕೌಲ್ ಬಜಾರಿನ ಮನೆಮನೆಯ ಸುದ್ದಿ.

ಕುರುಗೋಡಿನಲ್ಲಿ ಹುಟ್ಟಿ, ಸಿರುಗುಪ್ಪದ ಗಿರಣಿಯಲ್ಲಿ ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿ, ೧೯೪೪ರಲ್ಲಿ ಅವರು ಬಳ್ಳಾರಿಗೆ ಬಂದಾಗ ಹೆರಿಗೆಗೆ ಸಂಬಳದ ರಜೆ ಕಾಯಿದೆಯಲ್ಲೇನೋ ಇತ್ತು. ಪುಸ್ತಕದಲ್ಲಿ ಒಬ್ಬಳ ಹೆಸರೂ ಇರಲಿಲ್ಲ. ಮೊದಲೇ ತಿಳಿಸಿದವರಿಗಷ್ಟೇ ರಜೆ ಎಂಬುದು ಕಟ್ಟಳೆ. ಬಸುರಾದದ್ದನ್ನು ಗಂಡಸರ ಕಚೇರಿಯಲ್ಲಿ ಬಾಯಿಬಿಟ್ಟು ಹೇಳಿದರೆ ಕಣ್ಣು ತಾಗೀತೆಂಬುದು ಹೆಂಗಸರ ಅಂಜಿಕೆ. ಹೀಗಾಗಿ ಹೆತ್ತವರು ಹನ್ನೆರಡನೆಯ ದಿನಕ್ಕೇ ಕೂಸನ್ನೆತ್ತಿಕೊಂಡು ಹತ್ತಿಯ ಧೂಳಿಗೆ ಮರಳುತ್ತಿದ್ದರು.

೧೯೪೬ರಲ್ಲಿ ಯಂತ್ರಕ್ಕೆ ಹತ್ತಿ ಹಾಕುವ ಹೊನ್ನೂರಮ್ಮನಿಗೆ, ಹಸಿರು ಬಳೆ ತೊಡಿಸಿ ಬಂಧುಬಳಗಕ್ಕೆ ಊಟ ಹಾಕುವ ಏಳನೆಯ ತಿಂಗಳ ಕುಬುಸವಾಗಿ, ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಕೂಸು ಅಂಗೈಯಗಲ. ತಾಯಿ ಎದೆಗೆ ಅವಚಿಕೊಂಡು ಕೂತರೆ ಉಳಿದೀತು. ಕೂತರೆ ಒಲೆ ಹೊತ್ತದು. ಅತ್ತೆ ಹಂಪಕ್ಕ ಗಿರಣಿಗೆ ಬಂದು ರಜೆ ಕೇಳಿದಳು.

"ಮೊದ್ಲ ತಿಳಿಸಬೇಕಿತ್ತಲ್ಲ ಬೇ, ಈಗ ಬಂದು ಕೇಳಿದ್ರ ಹೆಂಗ?" ಎಂದರು ಧಣಿ ಚಿದಾನಂದಪ್ಪನವರು.

ಉಜ್ಜಿನಪ್ಪನವರು ತಲೆಯೆತ್ತಿದರು. "ತಿಳಿಸ್ಯಾರ್ರಿ ಧಣಿ. ಕುಬುಸಕ್ಕ ಕರದಿದ್ರು, ಹೋಗಿದ್ನಿ."

"ಊಟಕ್ಕ ಕರದ್ರ ಅರ್ಜಿ ಕೊಟ್ಟಂಗೇನ್ರಿ?"

"ಹಸಿರು ಬಳಿ ತೊಡಿಸಿ ಓಣಿಗೆಲ್ಲ ಹೇಳ್ಯಾರ. ಇದಕ್ಕಿಂತ ದೊಡ್ಡ ಅರ್ಜಿ ಯಾವುದೈತ್ರಿ? ಬರಕೊಳ್ಳದ ತಪ್ಪು ನಂದು. ಹಿಡಿಯೋದಾದ್ರ ನನ್ನ ಪಗಾರ ಹಿಡೀರಿ."

"ಮೂರು ಸಲ ಹುಗ್ಗಿ ಹಾಕಿಸ್ಕೊಂಡಾರ್ರಿ ಧಣಿ," ಎಂದಳು ಹಂಪಕ್ಕ, "ಗೊತ್ತಿಲ್ಲ ಅನ್ನಾಕ ಇವರಿಗೆ ಬಾಯಿ ಹೆಂಗ ಬರಬೇಕು?"

ಕಚೇರಿಯೆಲ್ಲ ನಕ್ಕಿತು. ಧಣಿಗಳೂ ನಗುತ್ತಲೇ ರುಜು ಹಾಕಿದರು. ರಜೆಯ ಅಷ್ಟೂ ವಾರ ಹೊನ್ನೂರಮ್ಮ ಕೂಸನ್ನು ಎದೆಯಿಂದ ಇಳಿಸಲಿಲ್ಲ. ಆ ಕೂಸು ಈಗ ಶಾಲೆಗೆ ಓಡುವ ಗಟ್ಟಿ ಹುಡುಗಿ.

ಅಂದಿನಿಂದ ಗಿರಣಿಯಲ್ಲಿ ಕುಬುಸದ ಕರೆಯೇ ಅರ್ಜಿಯಾಯಿತು. "ಮನ್ಯಾಗ ಉಣ್ಣೋದ ಬಿಟ್ಟಾರ ನೋಡ್ರಿ," ಎಂದು ಉಜ್ಜಿನಪ್ಪನವರ ಮಡದಿ ಅಕ್ಕನಾಗಮ್ಮನವರು ದೂರಿದ್ದೂ ಸುಳ್ಳಲ್ಲ. ಕಾಯಿದೆ ಹೇಳದಿದ್ದರೂ, ಹೆಂಡತಿ ಹೆತ್ತ ಗಂಡಸರಿಗೆ ಎರಡು ದಿನದ ಸಂಬಳದ ರಜೆಯನ್ನು ಧಣಿಗಳಿಂದ ಕಾಡಿ ಪಡೆದವರೂ ಇವರೇ.

ಇನ್ನು ಕುರುಗೋಡಿನಲ್ಲಿ ನೆಲೆಸುವರಂತೆ. ಅಲ್ಲಿ ಹೊಲದಲ್ಲಿ ಕಳೆ ತೆಗೆಯುವ ಹೆಂಗಸರಿಗೆ ರಜೆಯೂ ಇಲ್ಲ, ಹೆಸರು ಬರೆಯುವ ಪುಸ್ತಕವೂ ಇಲ್ಲ. ಅವರಿಗೂ ಒಂದು ದಾರಿ ಮಾಡಿಕೊಡುವಷ್ಟು ಆಯುಷ್ಯ, ಆರೋಗ್ಯ ಉಜ್ಜಿನಪ್ಪನವರಿಗಿರಲಿ. ಕುರುಗೋಡಿನ ಹೊಲದೊಡೆಯರು ಈಗಿನಿಂದಲೇ ಎಚ್ಚರವಾಗಿರಲಿ.