ಬಾಗಿಲವರೆಗೆ ಬಂದ ಸೋದರಮಾವ

ನನ್ನ ಬಾಳಿನ ದೊಡ್ಡ ಪಾಪವನ್ನು ನಾನು ಬಹಳ ಕಾಲ ಪುಣ್ಯವೆಂದೇ ತಿಳಿದಿದ್ದೆ. ಈಗ ಅಳುಕಿಲ್ಲದೆ ಬರೆಯುತ್ತೇನೆ.

ನಮ್ಮದು ಪಾಂಡವಪುರದ ಕಥೋಲಿಕ ಮನೆ. ತಂಗಿಯನ್ನು ಕೆ.ಆರ್. ಪೇಟೆಯ ಕಥೋಲಿಕರಿಗೇ ಕೊಟ್ಟಿದ್ದೆವು. ತೊಂಬತ್ತರ ದಶಕದ ಆರಂಭದಲ್ಲಿ ಅವಳೂ ಅವಳ ಗಂಡನೂ ಅಲ್ಲಿನ ಒಂದು ಪೆಂತೆಕೋಸ್ತ್ ಸಭೆಗೆ ಸೇರಿದರು. ತೊಣ್ಣೂರು ಕೆರೆಯಲ್ಲಿ ಮುಳುಗಿ ಮತ್ತೆ ದೀಕ್ಷಾಸ್ನಾನ ಪಡೆದರು. ಆ ಸಭೆಯವರು ಒಡವೆ ತೊಡುವುದಿಲ್ಲ. ತಂಗಿ ತಾಳಿಯನ್ನೂ ತೆಗೆದಿಟ್ಟಳು. ಸಂತೆಯಲ್ಲಿ ಅವಳ ಬರಿಗೊರಳು ಕಂಡಾಗ, ಗಂಡ ಬದುಕಿರುವಾಗಲೇ ಇದೇನು ಎಂದು ಮೈ ಉರಿಯಿತು. ಮಾತು ಬಿಟ್ಟೆ. ಅವಳು ನಮ್ಮ ಮನೆಗೆ ಬಂದರೆ ನಾನು ಹಿತ್ತಲಿಗೆ ಹೋಗಿ ದನಗಳಿಗೆ ಹುಲ್ಲು ಹಾಕುತ್ತಿದ್ದೆ. ಹೊಟ್ಟೆ ತುಂಬಿದ ದನಗಳಿಗೂ ಆ ದಿನ ಬಿಡುವಿರುತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ ಅವಳ ಮಗಳಿಗೆ ನಾಗಮಂಗಲದ ಕಡೆಯ, ಅದೇ ಸಭೆಯ ಹುಡುಗ ಗೊತ್ತಾದ. ನಮ್ಮಲ್ಲಿ ಮದುವೆ ಹೆಣ್ಣನ್ನು ಸೋದರಮಾವನೇ ಕೈಹಿಡಿದು ಕರೆತರಬೇಕು. ಸಭೆ ಬದಲಾದರೂ ಆ ಪದ್ಧತಿಯನ್ನು ಅವರು ಬಿಟ್ಟಿರಲಿಲ್ಲ. ತಂಗಿ ಕರೆಯಲು ಬಂದಳು. ತಾಳಿ ಕಟ್ಟಿಸಿದರೆ ಬರುತ್ತೇನೆ ಎಂದೆ. ಕಟ್ಟಿಸುವುದಿಲ್ಲ, ಆದರೂ ಬಾ ಎಂದಳು.

ಮದುವೆಯ ದಿನ ಹೆಂಡತಿಯ ಕಾಟಕ್ಕೆ ಬಸ್ಸು ಹತ್ತಿದೆ. ತಗಡು ಹೊದಿಸಿದ ಪ್ರಾರ್ಥನಾ ಮಂದಿರದ ಗೇಟಿನಾಚೆ ಹೋಗಿ ನಿಂತೆ. ಒಳಗೆ ಹಾಡು ಶುರುವಾಗಿತ್ತು. ಹೆಣ್ಣು ಮಾತ್ರ ಹೊರಗೇ ಇದ್ದಳು. ಮಾವ ಬರದೆ ಒಳಗೆ ಕಾಲಿಡುವುದಿಲ್ಲವೆಂದು ಹಟ ಹಿಡಿದಿದ್ದಳಂತೆ. ನನ್ನನ್ನು ಕಂಡವಳೇ ನೇರ ನಡೆದು ಬಂದಳು.

"ನಮ್ ಪಾಸ್ಟ್ರು ಏನ್ ಕಚ್ಚಾಕಿಲ್ಲ, ಬಾ ಮಾವ," ಎಂದಳು. "ಕೈ ಇಡ್ಕೊ."

ಹಿಡಿದೆ. ಬಾಗಿಲವರೆಗೂ ನಡೆದೆ. ಹೊಸ್ತಿಲು ಬಂದಾಗ, ಬೇರೆ ಸಭೆಯ ಆರಾಧನೆಗೆ ಹೋಗುವುದು ದೋಷ ಎಂದು ಚಿಕ್ಕಂದಿನಲ್ಲಿ ಕೇಳಿದ್ದು ನೆನಪಾಗಿ ಕೈ ಬಿಟ್ಟೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಒಬ್ಬಳೇ ಒಳಗೆ ಹೋದಳು. ನಾನು ಊಟ ಮಾಡದೆ ಬಸ್ಸು ಹಿಡಿದೆ.

ಆ ಶನಿವಾರ ಶ್ರೀರಂಗಪಟ್ಟಣದ ಕಡೆಯ ಚರ್ಚಿನಲ್ಲಿ ಪಾಪನಿವೇದನೆಗೆ ಮೊಣಕಾಲೂರಿದೆ. ಪೆಂತೆಕೋಸ್ತಿನವರ ಬಾಗಿಲಿಗೆ ಹೋದದ್ದು ತಪ್ಪು ಎಂದು ಒಪ್ಪಿಕೊಂಡೆ. ಒಳಗಂತೂ ಹೋಗಲಿಲ್ಲ ಎಂದು ಸೇರಿಸುವುದನ್ನು ಮರೆಯಲಿಲ್ಲ. ಗುರುಗಳು ಎಲ್ಲ ಕೇಳಿಸಿಕೊಂಡು, ಹುಡುಗಿಯ ಕೈ ಯಾಕೆ ಬಿಟ್ಟಿರಿ ಎಂದರು. ನಾನು ಮತ್ತೆ ಹೊಸ್ತಿಲಿನ ವಿಷಯವನ್ನೇ ಹೇಳಿದೆ.

"ಯಜಮಾನ್ರೆ, ನೀವು ಮಾಡಿರೋ ಪಾಪ ಒಂದು, ಹೇಳ್ತಿರೋ ಪಾಪ ಇನ್ನೊಂದು," ಎಂದರು.

ಪ್ರಾಯಶ್ಚಿತ್ತಕ್ಕೆ ಜಪಸರ ಹೇಳಿಸುತ್ತಾರೆ ಅಂದುಕೊಂಡಿದ್ದೆ. ತಂಗಿಯ ಮನೆಗೆ ಹೋಗಿ ಊಟ ಮಾಡಿ ಬನ್ನಿ ಎಂದರು. ಜಪಸರವಾಗಿದ್ದರೆ ಊರು ಸೇರುವಷ್ಟರಲ್ಲಿ ಮುಗಿಸಿಬಿಡುತ್ತಿದ್ದೆ.

ಹೋದೆ. ಸೋದರಸೊಸೆಯೂ ಗಂಡನ ಜೊತೆ ತವರಿಗೆ ಬಂದಿದ್ದಳು. ಊಟಕ್ಕೆ ಮುಂಚೆ ತಂಗಿಯ ಗಂಡ ಕಣ್ಣುಮುಚ್ಚಿ ದೊಡ್ಡ ದನಿಯಲ್ಲಿ ಪ್ರಾರ್ಥಿಸಿದ. ನನ್ನ ಮಂಡಿನೋವು, ನನ್ನ ಗದ್ದೆ, ಕರು ಕಳೆದುಕೊಂಡ ನನ್ನ ಎಮ್ಮೆ, ಎಲ್ಲವೂ ಅದರಲ್ಲಿ ಬಂದವು. ನಾನು ಮಾತು ಬಿಟ್ಟಿದ್ದ ಕಾಲದಲ್ಲೂ ಅವರು ನನ್ನ ಸುದ್ದಿ ವಿಚಾರಿಸುತ್ತಲೇ ಇದ್ದರು. ನಾನು ಶಿಲುಬೆಯ ಗುರುತು ಹಾಕಿಕೊಂಡೆ. ಮುದ್ದೆ ಆರಿಹೋಗಿತ್ತು.

ತಪ್ಪಾಯಿತು ಎಂದು ಸೊಸೆಗೆ ಹೇಳಿದೆ.

"ಬುಡು ಮಾವ," ಎಂದಳು, ಸಾರು ಬಡಿಸುತ್ತಾ. "ಆದ್ರೆ ಬಾಗ್ಲಿಂದ ಒಳಿಕ್ಕೆ ಒಬ್ಳೇ ನಡ್ದೆ. ಅದ್ನ ಈಗ ಎಂಗ್ ಸರಿಮಾಡೀಯೆ?"

ಆಗುವುದಿಲ್ಲ ಎಂದೆ. ಆ ಪ್ರಶ್ನೆಗೆ ಗುರುಗಳ ಬಳಿಯೂ ಪ್ರಾಯಶ್ಚಿತ್ತವಿರಲಿಲ್ಲ. ತಂಗಿ ನನ್ನನ್ನು ಕೇಳದೆಯೇ ಎಲೆಗೆ ಇನ್ನೊಂದು ಮುದ್ದೆ ಹಾಕಿದಳು. ನಾನು ಬೇಡ ಎನ್ನಲಿಲ್ಲ.