ಶಿರಗೋಳಿ ಅಗಸಿಗೆ ಗಚ್ಚು ಬಡಿದ ತುಳಸವ್ವ

ಹೋದ ವರ್ಷ ಮಾಘ ಮಾಸದ ಒಂದು ರವಿವಾರ ನಮ್ಮ ಶಿರಗೋಳಿಯ ಜನ ತಲೆಯ ಮೇಲೆ, ಸೈಕಲ್ಲಿನ ಮೇಲೆ, ಟ್ರ್ಯಾಕ್ಟರಿನಲ್ಲಿ ಕಲ್ಲು ಹೇರಿಕೊಂಡು ಹಾಡು ಕೇಳಲು ಹೋದರು.

ಕೃಷ್ಣೆಯ ಮಹಾಪೂರ ಊರೊಳಗೆ ನುಗ್ಗಿ ಹೋದ ಮೇಲೆ ಹಳೆಯ ಊರಬಾಗಿಲು, ಅಂದರೆ ನಮ್ಮ ಅಗಸಿ, ಎಡಮಗ್ಗುಲಿಗೆ ಕುಸಿದಿತ್ತು. ಬಿದ್ದ ಕಲ್ಲುಗಳನ್ನು ಊರವರೇ ಒಯ್ದು ದನದ ಕೊಟ್ಟಿಗೆಗೆ, ಬಚ್ಚಲಿಗೆ ಹಾಕಿಕೊಂಡಿದ್ದರು. ಮೂವತ್ತು ವರ್ಷ ಇದೇ ಊರಲ್ಲಿ ಕಲಿಸಿ ನಿವೃತ್ತರಾದ ಜಿನಮತಿ ಬಾಯಿಯವರಿಗೆ ಅದು ತಡೆಯಲಿಲ್ಲ. ಅಗಸಿ ಹೋದರೆ ಒಳಗಿನ ಬಸದಿ, ವಾಡೆ, ಮೆಟ್ಟಿಲ ಬಾವಿ ಒಂದೊಂದಾಗಿ ಹೋಗುತ್ತವೆ ಎಂದು ಮನೆಮನೆ ತಿರುಗಿದರು. ತಿಂಗಳಿಗೊಮ್ಮೆ ಅಗಸಿಯ ಮುಂದೆ ಸಂಗೀತ ಕಾರ್ಯಕ್ರಮ ಇಡಿಸಿದರು. ಟಿಕೀಟು ಇಲ್ಲ. ಅಗಸಿಯ ಕಲ್ಲು ಮರಳಿ ತಂದವರಿಗೆ ಮುಂದಿನ ಸಾಲು.

ಆ ಮೊದಲ ಕಾರ್ಯಕ್ರಮಕ್ಕೆ ತುಳಸವ್ವ ಅಗಸಿಯಿಂದ ಒಯ್ದು ಬಟ್ಟೆ ಒಗೆಯಲು ಹಾಕಿಕೊಂಡಿದ್ದ ಕಲ್ಲನ್ನೇ ಹೊತ್ತು ತಂದಳು. ಅರವತ್ತೆಂಟು ವರ್ಷದ ಆಕೆ ಇವತ್ತಿಗೂ ಕಳೆ ತೆಗೆಯಲು, ಕಬ್ಬಿನ ಒಣಗರಿ, ಅಂದರೆ ರವದಿ, ಬಳಿಯಲು ಹೊಲಕ್ಕೆ ಹೋಗುವವಳು. ಭೀಮ ಜಯಂತಿಯ ದಿನ ಹಿಂದೆ ನಿಂತು ಎಲ್ಲರ ಜೊತೆ ದನಿಗೂಡಿಸುತ್ತಿದ್ದಳೇ ಹೊರತು ಒಂಟಿಯಾಗಿ ಹಾಡಿದ್ದನ್ನು ಯಾರೂ ಕೇಳಿರಲಿಲ್ಲ.

ಕಲ್ಲು ಇಳಿಸಿದವಳು ಮುಂದಿನ ಸಾಲಿಗೆ ಹೋಗಲಿಲ್ಲ, ಗೋಡೆಯ ಹತ್ತಿರ ನಡೆದಳು. ಹಳೆಯ ಕಲ್ಲಿಗೆ ಸಿಮೆಂಟು ಒಗ್ಗುವುದಿಲ್ಲ, ಸುಣ್ಣ ಉಸುಕು ಬಡಿದು ಮಾಡಿದ ಗಚ್ಚೇ ಆಗಬೇಕು ಎಂದು ನೋಡಲು ಬಂದ ಎಂಜಿನಿಯರೊಬ್ಬರು ಹೇಳಿಹೋಗಿದ್ದರು. ಗೋಡೆ ಕಟ್ಟುವ ಗವಂಡಿ ಗುರಪ್ಪ ಮೊಬೈಲಿನಲ್ಲಿ ನೋಡಿ ಗಚ್ಚು ಮಾಡಿ ಒಂದು ಮೂಲೆಗೆ ಹಚ್ಚಿದ್ದ. ತುಳಸವ್ವ ಅದನ್ನು ಹೆಬ್ಬೆರಳಿನಿಂದ ಒತ್ತಿದಳು. ಉದುರಿತು.

"ಸುಣ್ಣ ಎಷ್ಟ ದಿನ ಕೊಳಿ ಹಾಕಿದ್ದೆಪಾ?"

"ಎರಡ ದಿನಾ ಆಯಿ. ಯಾಕ?"

"ಎರಡ ದಿನಕ್ಕ ಸುಣ್ಣ ಹಣ್ಣಾಗತೈತೇನು? ತಿಂಗಳ ಬೇಕು. ಆಮ್ಯಾಗ ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕಿ ಬಡೀಬೇಕು."

"ಎಷ್ಟ ಹೊತ್ತ ಬಡೀಬೇಕು?"

"ಹಾಡ ಮುಗಿಯೂ ತನಕಾ," ಎಂದಳು ತುಳಸವ್ವ. ಬೇರೆ ಅಳತೆ ಆಕೆಗೆ ಗೊತ್ತಿರಲಿಲ್ಲ.

ಗುರಪ್ಪ ಓಡಿಹೋಗಿ ಜಿನಮತಿಯವರನ್ನು ಕರೆತಂದ. ಆಗ ತಿಳಿಯಿತು, ತುಳಸವ್ವನಿಗೆ ಹನ್ನೆರಡು ವರ್ಷವಿದ್ದಾಗ ಇದೇ ಅಗಸಿಯ ದುರಸ್ತಿ ನಡೆದಿತ್ತು. ಗಚ್ಚು ಬಡಿಯುವ ಹೆಂಗಸರ ಗುಂಪಿಗೆ ಆಕೆಯ ತಾಯಿಯೇ ಮುಂದಾಳು. ಬಡಿಯುತ್ತ ಹಾಡುವ ಆ ಹಾಡು ಶಿರಗೋಳಿಯಿಂದ ಹೊರಟು ಊರೂರು ಸುತ್ತಿ ಮತ್ತೆ ಶಿರಗೋಳಿಗೆ ಬರುತ್ತದೆ. ಹಾಡು ಮನೆಗೆ ಬಂದಾಗ ಗಚ್ಚು ತಯಾರು.

"ಚೈತ್ರದ ಕಾರ್ಯಕ್ರಮಕ್ಕ ನೀವ ಹಾಡ್ರಿ ತುಳಸವ್ವ," ಎಂದರು ಜಿನಮತಿ, ಆಕೆಯ ಎರಡೂ ಕೈ ಹಿಡಿದು.

ಮನೆಯಲ್ಲಿ ಮಗ, ಹೆಸರು ಸಮಾಧಾನ, ಮುಖ ಗಂಟುಹಾಕಿದ. ರಾಯಬಾಗದಲ್ಲಿ ಟಪಾಲು ಹಂಚುವ ನೌಕರಿ ಅವನದು.

"ಯವ್ವಾ, ನಿನ್ನ ಮದವಿ ಮೆರವಣಿಗಿ ಊರ ಮ್ಯಾಲಿನ ಮಂದಿ ಆ ಅಗಸಿ ಒಳಗ ಬಿಡಲಿಲ್ಲಂತ ನೀನ ಹೇಳಿದ್ದಿ. ಬೀಳಲಿ ಬಿಡು ಅದು."

"ಬಿಡಲಿಲ್ಲ, ಖರೆ ಐತಿ. ಆದ್ರ ಕಟ್ಟಿದ್ದ ಯಾರ ಕೈ? ನಮ್ಮವ್ವಂದು. ಅವರದು ಅಂತ ಬಿಟ್ರ ಅವರದ ಆಗತೈತಿ."

ಮರುದಿನ ಮುಂಜಾನೆ ತುಳಸವ್ವ ಜಿನಮತಿಯವರ ಅಂಗಳಕ್ಕೆ ಹೋಗಿ ನಿಂತಳು.

"ಬಾಯಾರ, ಒಂದ ಮಾತ. ಅವತ್ತ ನಮ್ಮ ಓಣಿ ಹೆಣಮಕ್ಕಳು ಹಲಗಿ ಬಾರಿಸ್ಕೊಂತ ಅಗಸಿ ಒಳಗ ಹಾದ ಬರ್ತೀವಿ. ಬಗಲ ಹಾದೀಲೆ ಬರಂಗಿಲ್ಲ."

ಜಿನಮತಿಯವರ ಅಜ್ಜನ ಕಾಲದಲ್ಲಿ ಅಗಸಿಯ ಕೀಲಿ ಅವರ ಮನೆಯಲ್ಲೇ ಇರುತ್ತಿತ್ತು.

"ಬರ್ರಿ. ನಾನು ನಿಮ್ಮ ಜೋಡಿ ಇರ್ತೀನಿ," ಎಂದರು.

ಸುಣ್ಣ ಗುಂಡಿಯಲ್ಲಿ ಮಾಗತೊಡಗಿತು. ಆದರೆ ತಾಲೀಮಿನ ದಿನ ಮೈಕಿನ ಮುಂದೆ ನಿಂತ ತುಳಸವ್ವನ ಹಾಡು ಕೊಕಟನೂರಿಗೆ ಬಂದು ನಿಂತುಬಿಟ್ಟಿತು. ಮುಂದಿನ ಊರು ಯಾವುದು? ಎಷ್ಟು ತಿಣುಕಿದರೂ ಬರಲಿಲ್ಲ. ಮೀರಜದಿಂದ ಬಂದಿದ್ದ ತಬಲಾದವರು ಕೈ ಎತ್ತಿಕೊಂಡು ಕಾದರು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಒಮ್ಮೆಲೇ ಗುರಪ್ಪನ ಕಡೆ ತಿರುಗಿದಳು.

"ಗುರಪ್ಪಾ, ನನ್ನ ಕೈಯಾಗ ಏನೂ ಇಲ್ಲೋ! ಬರೇ ಕೈಲೆ ಎಲ್ಲಿ ಬರತೈತಿ ಅದು? ಗಚ್ಚು ಬಡಿಯಾಕ ಒಂದ ಕೊಡತಿ ಮಾಡಿ ಕೊಡು."

ಗುರಪ್ಪ ಜಾಲಿಯ ಕಟ್ಟಿಗೆಯಿಂದ ಒಂದಲ್ಲ, ಎಂಟು ಕೊಡತಿ ಕೆತ್ತಿಸಿದ.

ಚೈತ್ರದ ಆ ಸಂಜೆ, ಇನ್ನೂ ಬಿಸಿಲಿರುವಾಗಲೇ, ಅಗಸಿಯ ಮುಂದೆ ನಿಲ್ಲಲು ಜಾಗವಿರಲಿಲ್ಲ. ಅಂಕಲಿ, ಮಂಗಸೂಳಿ, ಅಥಣಿ, ಚಿಕ್ಕೋಡಿ, ಎಲ್ಲ ಕಡೆಯಿಂದ ಜನ. ಇದ್ದಕ್ಕಿದ್ದಂತೆ ಅಗಸಿಯ ಒಳಗಿನಿಂದ ಹಲಗೆಯ ಸದ್ದು ಕಮಾನಿಗೆ ಬಡಿದು ಗುಡುಗಿನಂತೆ ಹೊರಬಂತು. ಹಿಂದೆಯೇ ಎಂಟು ಹೆಂಗಸರು, ಹೆಗಲ ಮೇಲೆ ಕೊಡತಿ. ನಡುವೆ ತುಳಸವ್ವ, ಪಕ್ಕದಲ್ಲಿ ಜಿನಮತಿ. ಮುಂದೆ ಹಲಗೆ ಬಾರಿಸುತ್ತಿದ್ದವನು ಸಮಾಧಾನ! ಬರುತ್ತೇನೆಂದು ಅವನು ತಾಯಿಗೂ ಹೇಳಿರಲಿಲ್ಲ.

ವೇದಿಕೆಯ ಮೇಲೆ ಹಾಸುಗಲ್ಲಿನ ದೊಡ್ಡ ಹೊಂಡದಲ್ಲಿ ಮಾಗಿದ ಸುಣ್ಣ, ಉಸುಕು. ತುಳಸವ್ವ ಬೆಲ್ಲದ ನೀರು, ಅಳಲೆಕಾಯಿ ನೀರು ಸುರಿದು ಕೊಡತಿ ಎತ್ತಿದಳು. ಎಂಟು ಕೊಡತಿಗಳು ಒಟ್ಟಿಗೆ ಬಿದ್ದವು.

ಅಂಕಲಿ ದಾಟಿ ಬಂದೇವ, ನಮ್ಮವ್ವ,
ಸುಣ್ಣ ಇನ್ನೂ ಕಲ್ಲ ಐತಿ, ಬಡಿಯ...
ಮಂಗಸೂಳಿಗಿ ಬಂದೇವ, ನಮ್ಮವ್ವ,
ಕಲ್ಲ ಕರಗಿ ಹಾಲಾತ, ಬಡಿಯ...

ಅಂಕಲಿಯ ಹೆಸರು ಬಂದದ್ದೇ ಅಂಕಲಿಯವರು ಸೀಟಿ ಹೊಡೆದರು. ಮಂಗಸೂಳಿಯವರು ಎದ್ದು ನಿಂತು ಟೊಪ್ಪಿಗೆ ಹಾರಿಸಿದರು. ಅಥಣಿ ಬಂತು, ಹಾಲು ಮೊಸರಾಯಿತು. ಕೊಕಟನೂರು ಬಂತು. ತಾಲೀಮಿನ ದಿನ ಹಾಡು ನಿಂತದ್ದು ಇಲ್ಲೇ. ತುಳಸವ್ವ ಜನರ ಕಡೆ ನೋಡಲಿಲ್ಲ, ಕೊಡತಿ ನೋಡಿದಳು. ಎತ್ತಿದಳು, ಹೊಡೆದಳು. ಎತ್ತಿದ ಕೈ ಇಳಿಯುವಷ್ಟರಲ್ಲಿ ರಾಯಬಾಗ ತಾನಾಗಿ ಬಂದು ನಾಲಗೆಯ ಮೇಲೆ ಕೂತಿತು. ರಾಯಬಾಗದ ಹಿಂದೆ ಚಿಕ್ಕೋಡಿ, ಚಿಕ್ಕೋಡಿಯ ಹಿಂದೆ...

ನಿಪ್ಪಾಣಿ ತಂಬಾಕ ಕೇಳೇತಿ, ನಮ್ಮವ್ವ,
ಉಗರಷ್ಟ ಸುಣ್ಣ ಕೊಡ, ಬಡಿಯ!

ಜನ ಹೊಟ್ಟೆ ಹಿಡಿದು ನಕ್ಕರು. ತಂಬಾಕು ತಿಕ್ಕುತ್ತ ಕೂತಿದ್ದ ಮುದುಕರಂತೂ ಎದ್ದು ಕೈ ಮೇಲೆತ್ತಿದರು. ಅಷ್ಟರಲ್ಲಿ ಹೆಂಗಸರು ಒಬ್ಬರ ಕೈಯಿಂದ ಒಬ್ಬರು ಕೊಡತಿ ಇಸಿದುಕೊಂಡು ವೇದಿಕೆಗೇ ಹತ್ತಿದ್ದರು. ವಾಡೆಯ ಸೊಸೆಯಂದಿರು, ಹೊಲದ ಕೂಲಿಯವರು, ಎಲ್ಲರೂ. ತಬಲಾದವರು ತಾಳ ಹಿಡಿಯುವುದನ್ನು ಬಿಟ್ಟು ತಾವೂ ತೋಳೇರಿಸಿದರು. ಹಾಡು ಶಿರಗೋಳಿಗೆ ಬಂದಾಗ ತುಳಸವ್ವ ಹೊಂಡದಿಂದ ಒಂದು ಮುದ್ದೆ ತೆಗೆದು ಮೈಕಿನ ಮುಂದೆ ಎತ್ತಿ ಹಿಡಿದಳು.

"ಬೆಣ್ಣಿ ಆತ ನೋಡ್ರಿ!"

ಅದೇ ಗಚ್ಚಿನಿಂದ ಆ ಹೊತ್ತಿನಲ್ಲೇ ಗುರಪ್ಪ ಅಗಸಿಯ ಮೊದಲ ಕಲ್ಲು ಕೂರಿಸಿದ. ಬೆಲ್ಲದ ನೀರು ಸಿಡಿದು ಕೈಗಳು ಅಂಟಂಟಾಗಿದ್ದರೂ ಗಚ್ಚು ಬಡಿದವರು ಚಪ್ಪಾಳೆ ನಿಲ್ಲಿಸಲಿಲ್ಲ.

ಮುಂದಿನ ಎರಡು ತಿಂಗಳು ದಿನವೂ ಬಡಿತ, ದಿನವೂ ಹಾಡು. ಮಳೆಗಾಲಕ್ಕೆ ಮೊದಲು ಎಡಗೋಡೆ ಎದ್ದಿತು. ಶ್ರಾವಣದಲ್ಲಿ ಎಂಟು ದಿನ ಬಿಡದೆ ಮಳೆ ಹೊಡೆದಾಗ ಗುರಪ್ಪ ಗೋಣಿಚೀಲ ಹೊದ್ದು ಹೋಗಿ ಗಚ್ಚನ್ನು ಗಾರೆ ಹಚ್ಚುವ ಕರಣಿಯಿಂದ ಕೆರೆದ. ಕರಣಿಯ ತುದಿ ಬಾಗಿತು, ಗಚ್ಚು ಉದುರಲಿಲ್ಲ. ಅಲ್ಲಿಂದ ತುಳಸವ್ವನ ಮನೆಯವರೆಗೆ ಕೂಗುತ್ತಲೇ ಓಡಿದ.

ಈಗ ಮೆಟ್ಟಿಲ ಬಾವಿಯ ಸರದಿ. ತುಳಸವ್ವ ಹೊಲದ ಕೆಲಸ ಬಿಟ್ಟು ಗಚ್ಚಿನ ಕೆಲಸ ಹಿಡಿದಿದ್ದಾಳೆ, ಗುಂಪಿನಲ್ಲಿ ಹದಿನಾರು ಹೆಂಗಸರು. ಕಾಗವಾಡದಿಂದ ಬಂದವಳೊಬ್ಬಳು, ಸುಂದರಾ ಅಂತ, ಬಂದ ದಿನವೇ ಜಗಳ ತೆಗೆದಳು.

"ಎಲ್ಲಾ ಊರ ಐತಿ ನಿಮ್ಮ ಹಾಡಿನ್ಯಾಗ, ನಮ್ಮ ಕಾಗವಾಡ ಎಲ್ಲಿ ಐತಿ ಆಯಿ?"

"ನೀ ಬಡಿ. ನೀನ ಸೇರಸು," ಎಂದು ತುಳಸವ್ವ ಕೊಡತಿ ಕೊಟ್ಟಳು.

ಸುಂದರಾ ಸೇರಿಸಿದಳು. ಅದನ್ನು ಕೇಳಿ ಉಳಿದವರೂ ತಂತಮ್ಮ ತವರೂರು ಸೇರಿಸತೊಡಗಿದ್ದಾರೆ. ಹಾಡು ಉದ್ದವಾಗಿ ಊಟದ ಹೊತ್ತು ಮೀರುತ್ತದೆ ಎಂದು ಗುರಪ್ಪ ಗೊಣಗುತ್ತಾನೆ. ಆದರೆ ಗಚ್ಚು ಇಷ್ಟು ನುಣುಪಾಗಿ ತಾನೆಂದೂ ಕಂಡಿಲ್ಲ ಎನ್ನುವುದನ್ನೂ ಅವನೇ ಹೇಳುತ್ತಾನೆ.