ಅವ್ವನ ಹಿಂದೆ ಉಳಿದವಳು

ಅವ್ವನ ಗಂಟಲಿನ ಗಡ್ಡೆ ತೆಗೆಯಲು ಇನ್ನು ಹದಿನೈದು ದಿನವಿತ್ತು. ಆಮೇಲೆ ಧ್ವನಿ ಮೊದಲಿನಂತೆ ಇರಲಿಕ್ಕಿಲ್ಲ ಎಂದು ಪುಣೆಯ ಶಿವಾಜಿನಗರದ ಡಾಕ್ಟರು ಹೇಳಿದ್ದರು. ಅವ್ವ ಹೆದರಲಿಲ್ಲ, ನಾನು ಹೆದರಿದೆ. ಅಷ್ಟರೊಳಗೆ ಅವಳ ಬೀಸುವ ಕಲ್ಲಿನ ಪದಗಳನ್ನು ಧ್ವನಿಮುದ್ರಿಸಿಕೊಳ್ಳಲೇಬೇಕೆಂದು ಹಟ ಹಿಡಿದೆ.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ನನ್ನ ತಲೆಗೆ ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ತಂತ್ರಾಂಶದ ಹುಚ್ಚು ಏರಿತ್ತು. ಮನೆಯ ಕಂಪ್ಯೂಟರಿಗೆ ಮೈಕ್ ಸಿಕ್ಕಿಸಿ, ಸ್ಟುಡಿಯೋದವರ ಗತ್ತಿನಲ್ಲಿ ಅವ್ವನ ಕಿವಿಗೆ ಹೆಡ್‌ಫೋನ್ ಏರಿಸಿದೆ. ಅವಳು ಒಂದು ಸಾಲು ಹಾಡಿ ಸುಮ್ಮನೆ ಕುಳಿತಳು.

“ಯಾಕ ನಿಂತಿ ಅವ್ವಾ?”

“ಆಕಿ ಹಿಂದ ಉಳದಾಳ. ಬರ್ಲಿ ತಡಿ.”

ಹಿಂದೆ ಉಳಿದದ್ದು ಅವಳದೇ ಧ್ವನಿ. ಕಂಪ್ಯೂಟರು ಅದನ್ನು ಬೊಗಸೆಬೊಗಸೆಯಾಗಿ ತುಂಬಿಕೊಂಡು ಅರ್ಧ ಸೆಕೆಂಡು ತಡವಾಗಿ ಕಿವಿಗೆ ಮುಟ್ಟಿಸುತ್ತಿತ್ತು. ಹೆಡ್‌ಫೋನ್ ತೆಗೆದಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅಷ್ಟು ಸುಲಭದ ದಾರಿ ನನಗೆ ಆಗಿಬರುವುದಿಲ್ಲ. ಬೊಗಸೆ ಚಿಕ್ಕದು ಮಾಡಿದೆ. ಧ್ವನಿ ಒಗ್ಗರಣೆಯ ಸಾಸಿವೆಯ ಹಾಗೆ ಚಟಚಟ ಸಿಡಿಯಿತು. ಧ್ವನಿಯ ಕೆಲಸವನ್ನೇ ಮೊದಲು ಮಾಡುವಂಥ ಬೇರೆ ಕರ್ನಲ್, ಅಂದರೆ ಲಿನಕ್ಸಿನ ತಿರುಳನ್ನೇ, ಹೊಸದಾಗಿ ಕಟ್ಟಲು ಹೊರಟೆ. ಅದಕ್ಕೆ ಇಡೀ ಮಧ್ಯಾಹ್ನ ಬೇಕು. ಗುರುವಾರ ನಮ್ಮ ಕಡೆ ಕರೆಂಟ್ ಹೋಗುತ್ತದೆಂದು ಪುಣೆಯ ಹಸುಗೂಸಿಗೂ ಗೊತ್ತು. ನಾನು ಶುರುಮಾಡಿದ್ದು ಗುರುವಾರ.

“ಬೀಸೂ ಪದಕ್ಕ ಇಷ್ಟ್ಯಾಕ ಬಡದಾಡ್ತೀಯೋ ಹುಚ್ಚಾ?” ಎಂದು ಅವ್ವ ನಕ್ಕಳು.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಬೆಳಿಗ್ಗೆ ಎಲ್ಲ ಸರಿಹೋಯಿತು. ಚಟಚಟವೂ ಇಲ್ಲ, ತಡವೂ ಇಲ್ಲ. ನಾನು ಬೀಗುತ್ತ ನಿಂತೆ. ಅವ್ವ ಎರಡು ಸಾಲು ಹಾಡಿ ಹೆಡ್‌ಫೋನ್ ಕಳಚಿದಳು.

“ಆಕಿ ಎಲ್ಲಿ ಹೋದ್ಲು?”

“ಯಾರೂ ಇರ್ಲಿಲ್ಲವ್ವಾ. ಅದು ನಿಂದ ಧ್ವನಿ.”

“ಗೊತ್ತದ ಬಿಡು. ಅಕ್ಕನ ಧ್ವನಿನೂ ಹಂಗ ಇತ್ತು. ಒಬ್ಬಾಕಿನೇ ಕುಂತು ಹೆಂಗ ಹಾಡ್ಲಿ?”

ಬೀಸುವ ಕಲ್ಲಿಗೆ ಇಬ್ಬರು ಕೂರುತ್ತಿದ್ದರು. ಒಬ್ಬಳು ಸಾಲು ಹಾಡಿದರೆ ಎದುರಿನವಳು ಅದರ ಕೊನೆಯ ಮಾತು ಹಿಡಿದು ಮುಗಿಸಬೇಕು. ಅವ್ವನ ಅಕ್ಕ, ಅಂದರೆ ನನ್ನ ದೊಡ್ಡವ್ವ, ತೀರಿಕೊಂಡ ಮೇಲೆ ಅವ್ವ ಹಾಡಿದ್ದನ್ನು ನಾನು ಕೇಳಿರಲಿಲ್ಲ. ಅದು ಆಗ ಹೊಳೆಯಿತು, ನಾಚಿಕೆಯೂ ಆಯಿತು. ಹದಿನೈದು ದಿನದ ನನ್ನ ವಿದ್ಯೆಯನ್ನೆಲ್ಲ ಕಿತ್ತುಹಾಕಿ ಬೊಗಸೆಯನ್ನು ಮೊದಲಿನಷ್ಟೇ ದೊಡ್ಡದು ಮಾಡಿದೆ. ಅವ್ವ ಹಾಡಿದಳು, ತಡೆದಳು, ಮತ್ತೆ ಹಾಡಿದಳು. ಹನ್ನೊಂದು ಪದ ಮುಗಿಸಿಯೇ ಎದ್ದಳು.

ಆಪರೇಷನ್ ಚೆನ್ನಾಗಿ ಆಯಿತು. ಡಾಕ್ಟರು ಹೇಳಿದಂತೆ ಧ್ವನಿ ಒಡೆಯಿತು. ಎರಡು ತಿಂಗಳು ಬಿಟ್ಟು, ಅಂಜುತ್ತಲೇ ಅವಳಿಗೆ ಆ ಪದಗಳನ್ನು ಕೇಳಿಸಿದೆ. ಹೆಡ್‌ಫೋನಿನೊಳಗಷ್ಟೇ ಕೇಳುತ್ತಿದ್ದ ಆ ಹಿಂದೆ ಉಳಿದವಳು ಮುದ್ರಣಕ್ಕೆ ಬಂದಿರಲಿಲ್ಲ. ಸಾಲು ಸಾಲಿನ ಕೊನೆಗೂ ಅವಳಿಗೆಂದು ಬಿಟ್ಟ ಜಾಗವಷ್ಟೇ ಇತ್ತು. ಅವ್ವ ಮೊರದಲ್ಲಿ ಅಕ್ಕಿ ಆರಿಸುತ್ತ, ತಲೆ ಎತ್ತದೆ, ಒಡಕು ಧ್ವನಿಯಲ್ಲಿ ಕೊನೆಯ ಮಾತು ಹಿಡಿದು ಮುಗಿಸುತ್ತ ಹೋದಳು. ಒಂದು ಸಲವೂ ತಡವಾಗಲಿಲ್ಲ.